ಪೂಜೆಯ ದಿನ ಕಾಣೆಯಾದ ಮೆಮೊರಿ

ನಿನ್ನೆ ಸಂಜೆ ಹಾಕಿದ ಎರಡು ರ‍್ಯಾಮ್ ಪಟ್ಟಿಗಳಲ್ಲಿ ಸುಧೀಂದ್ರನ ಕಂಪ್ಯೂಟರಿಗೆ ಇವತ್ತು ಒಂದೇ ಕಾಣುತ್ತಿತ್ತು. ನಿನ್ನೆ ಎರಡೂ ಕಂಡಿದ್ದವು. ಬೆಳಿಗ್ಗೆ ಪೂಜೆ ಮುಗಿಸಿ ಆನ್ ಮಾಡಿದರೆ ಅರ್ಧ ಮೆಮೊರಿ ಮಾಯ.

ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವತ್ತು ಸಂಜೆ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ಕನ್ನಡ ಕೂಟಗಳ ದಸರಾ ಕಾರ್ಯಕ್ರಮ ಇದೇ ಪೆಟ್ಟಿಗೆಯಿಂದ ಲೈವ್ ಹೋಗಬೇಕು. "ಟೆಕ್ನಿಕಲ್ ಎಲ್ಲಾ ನನಗೆ ಬಿಡಿ" ಎಂದು ಮೀಟಿಂಗಿನಲ್ಲಿ ಎದೆ ತಟ್ಟಿಕೊಂಡವನು ಅವನೇ. ಅದೇ ಕೆಲಸಕ್ಕೆ ಕೈ ಎತ್ತಿ ನಿರಾಶನಾದ ಇನ್ನೊಬ್ಬನೆಂದರೆ ಡಾಲಸ್ ಹತ್ತಿರದ ಫ್ರಿಸ್ಕೋದಲ್ಲಿ ಅವನದೇ ಬೀದಿಯಲ್ಲಿ ಮೂರು ಮನೆ ಆಚೆಗಿದ್ದ ಧಾರವಾಡದ ರಘೂತ್ತಮ. ನಿನ್ನೆ ರ‍್ಯಾಮ್ ಹಾಕಲು ಸಹಾಯಕ್ಕೆ ಬಂದವನೂ ಆತನೇ.

"ನಂದು ತಗೊಂಡು ಕೆಟ್ಟಿರೋದು ಹಾಕಿ ಹೋಗಿದಾನೆ ಕಣೇ," ಎಂದ ಹೆಂಡತಿಗೆ.

"ಪಾಪ, ಅವರ್ಯಾಕ್ರೀ ಹಾಗೆ ಮಾಡ್ತಾರೆ?" ಎಂದಳು ಲೀಲಾವತಿ. "ಊಟಾನೂ ಮಾಡದೆ ಹೋದ್ರು."

"ಅದೇ ನಾನೂ ಹೇಳ್ತಿರೋದು. ತಪ್ಪು ಮಾಡಿದವನ ಗಂಟಲಲ್ಲಿ ಅನ್ನ ಇಳಿಯುತ್ತಾ?"

ಸುಧೀಂದ್ರ ಪಟ್ಟಿಯನ್ನು ಕಿತ್ತು, ಊದಿ, ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿದ. ಪಕ್ಕದ ಸ್ಲಾಟಿನಲ್ಲಿ ಹಾಕಿ ನೋಡಿದ್ದರೆ ವಿಷಯ ಅಲ್ಲೇ ಬಯಲಾಗುತ್ತಿತ್ತು. ಆದರೆ ಕಳ್ಳ ಯಾರೆಂದು ಗೊತ್ತಾದ ಮೇಲೆ ಹುಡುಕುವ ಕಷ್ಟ ಯಾರಿಗೆ ಬೇಕು?

ಅಷ್ಟರಲ್ಲಿ ರಘೂತ್ತಮನದೇ ಫೋನು ಬಂತು. "ಆಯುಧಪೂಜಾ ಮುಗೀತ್ರಿ. ಇಬ್ರೂ ಕುಂಕುಮಕ್ಕ ಬರ್ರಿ."

ಕರೆದ ದನಿಯೂ ಸುಧೀಂದ್ರನಿಗೆ ಅನುಮಾನಕ್ಕೆಡೆಯಾಯಿತು. ಕೆಟ್ಟ ಪಟ್ಟಿಯನ್ನು ಜುಬ್ಬಾದ ಕಿಸೆಗೆ ಹಾಕಿಕೊಂಡೇ ಹೊರಟ.

ಅಲ್ಲಿ ದೇವರ ಮುಂದೆ ಡ್ರಿಲ್ಲು, ಮಿಕ್ಸಿಯ ಜೊತೆ ರಘೂತ್ತಮನ ಕಂಪ್ಯೂಟರ್ ಸೇವಂತಿಗೆ ಹಾರ ಹಾಕಿಕೊಂಡು ಮದುಮಗನ ಹಾಗೆ ಕೂತಿತ್ತು. ಪೂಜೆಯಾದ ಯಂತ್ರವನ್ನು ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಎಲ್ಲರೂ ಗರಾಜಿಗೆ ಹೊರಟರು.

"ನೀವು ನಡೀರಿ, ನಾನು ನಮಸ್ಕಾರ ಮಾಡಿ ಬರ್ತೀನಿ," ಎಂದ ಸುಧೀಂದ್ರ.

ಅವರು ಅತ್ತ ಹೋದದ್ದೇ ತಡ, ಹಾರ ಸರಿಸಿ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದ. ಒಳಗೆ ಒಂದೇ ಒಂದು ಪಟ್ಟಿ. ಅದೂ ತನ್ನ ಪಟ್ಟಿಗಳ ಕಂಪನಿಯದೇ. ಅದನ್ನು ಕಿತ್ತು ಕಿಸೆಗೆ ಹಾಕಿದ. ಕೆಟ್ಟದ್ದನ್ನು ಅಲ್ಲಿಡಬೇಕು ಎನ್ನುವಷ್ಟರಲ್ಲಿ ಹೆಜ್ಜೆ ಸದ್ದು ಕೇಳಿತು. ರಘೂತ್ತಮ ಒಳಗೆ ಬಂದಾಗ ಪೆಟ್ಟಿಗೆ ಮುಚ್ಚಿತ್ತು, ಸುಧೀಂದ್ರ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದ.

ಮನೆಗೆ ಬಂದು ಆ ಪಟ್ಟಿ ಹಾಕಿದ. ಆಗಲೂ ಅರ್ಧವೇ ಮೆಮೊರಿ. ಕೊನೆಗೆ ಟಾರ್ಚ್ ಹಿಡಿದು ನೋಡಿದರೆ ಸ್ಲಾಟಿನ ಸಂದಿಯಲ್ಲಿ ಒಂದು ಹಳದಿ ಅಕ್ಕಿಕಾಳು.

"ಬೆಳಿಗ್ಗೆ ಪೂಜೇಲಿ ನೀವೇ ಅಲ್ವೇನ್ರೀ," ಎಂದಳು ಲೀಲಾವತಿ, "ಆಶೀರ್ವಾದ ಒಳಗೂ ಇಳೀಲಿ ಅಂತ ಬಾಗಿಲು ತೆಗೆದು, ಒಂದು ಪಟ್ಟಿ ಕಿತ್ತು ದೇವರ ಮುಂದಿಟ್ಟು, ಹಿಡಿ ತುಂಬಾ ಅಕ್ಷತೆ ಹಾಕಿ ಮತ್ತೆ ಒತ್ತಿದ್ದು?"

ಪಿನ್ನಿನಿಂದ ಕಾಳು ತೆಗೆದು ತನ್ನವೇ ಎರಡು ಪಟ್ಟಿ ಹಾಕಿದ. ಪೂರ್ತಿ ಮೆಮೊರಿ ಬಂತು. ಮೇಜಿನ ಮೇಲೆ ಮೂರನೆಯದು ಉಳಿಯಿತು. ಅದನ್ನು ನೋಡಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಮತ್ತೆ ರಘೂತ್ತಮನ ಫೋನು. "ಹ್ಯೂಸ್ಟನ್, ಆಸ್ಟಿನ್ದವರ ಹಾಡು, ಕುಣಿತ ಎಲ್ಲಾ ನನ್ನ ಕಂಪ್ಯೂಟರ್‌ನ್ಯಾಗ ಅವ ನೋಡ್ರಿ. ನಿಮಗ ತ್ರಾಸ ಬ್ಯಾಡಂತ ನಾನೇ ತರಿಸಿ ಜೋಡಿಸಿಟ್ಟಿದ್ದೆ. ಈಗ ನೋಡಿದ್ರ ಚಾಲೂನೇ ಆಗವಲ್ದು, ಬರೇ ಬೀಪ್ ಅಂತದ. ಲಗೂನ ಬರ್ರಿ, ನಿಮ್ಮನ್ನ ಬಿಟ್ರ ನನಗ ಯಾರ ಮ್ಯಾಲೂ ನಂಬಿಗಿ ಇಲ್ಲ."

ಸುಧೀಂದ್ರ ಅದೇ ಜುಬ್ಬಾದ ಕಿಸೆಗೆ ಪಟ್ಟಿ ಹಾಕಿಕೊಂಡು ಓಡಿದ. ಕುಡಿಯಲು ನೀರು ಕೇಳಬೇಕು, ರಘೂತ್ತಮ ಅತ್ತ ಹೋದಾಗ ಇತ್ತ ಪಟ್ಟಿ ಒತ್ತಿಬಿಡಬೇಕು. ಕಾರ್ಯಕ್ರಮವೂ ಉಳಿಯಿತು, ಮಾನವೂ ಉಳಿಯಿತು.

ರಘೂತ್ತಮ ಬಾಗಿಲಲ್ಲೇ ಕಾಯುತ್ತಿದ್ದ. ಒಳಗೆ ಕರೆದೊಯ್ದು, ದೇವರ ಪಟದ ಪಕ್ಕ ಒರಗಿಸಿಟ್ಟಿದ್ದ ಐಪ್ಯಾಡನ್ನು ಕೈಗೆತ್ತಿಕೊಂಡ.

"ನಮ್ಮವ್ವ, ಗೋದಾವರಿಬಾಯಿ. ಧಾರವಾಡದಾಗ ಕೂತು ಪೂಜಾ ನೋಡ್ಲಿ ಅಂತ ಮುಂಜಾನಿಂದ ವಿಡಿಯೋ ಕಾಲ್ ಹಚ್ಚೇ ಇಟ್ಟೀವ್ರಿ. ಅವ್ವಾ, ಇವ್ರೇ ಸುಧೀಂದ್ರ."

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಕ್ಕರು. "ಗೊತ್ತದ ಬಿಡೋ. ಎಲ್ಲಾರೂ ಹೋದ ಮ್ಯಾಲೂ ನಿಂತು ನಮಸ್ಕಾರ ಮಾಡಿದವ್ರು ಇವ್ರೊಬ್ರೇ. ಪೆಟಗಿ ಬಾಗಲಾ ತಗದು ಪ್ರಸಾದ ಕಿಸೆದಾಗ ಇಟ್ಕೊಂಡು ಹೋದ್ರು. ರಘು, ಒಳಗ ಇನ್ನೊಂದು ಇದ್ರ ಅದನ್ನೂ ಕೊಡಪಾ ಅವ್ರಿಗೆ."