ಕೆಂಪು ಬೂಷ್ಟಿನ ಬೆನ್ನು ಹತ್ತಿ

ಬೂಷ್ಟನ್ನು ಪ್ರೀತಿಸುವವರಿಗೆ ಈ ಚೊಕ್ಕಟದ ಲೋಕದಲ್ಲಿ ಪಜೀತಿ ತಪ್ಪಿದ್ದಲ್ಲ. ನಾನು ಮಧುಗಿರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಪಿಎಚ್.ಡಿ. ಮಾಡುತ್ತಿರುವವಳು. ಕೊಳೆತ ಮರದ ಮೇಲೆ ಒಂದು ಬಗೆಯ ಕೆಂಪು ಬೂಷ್ಟು ಬರುತ್ತದೆ. ಅದರ ಬಣ್ಣ ತೆಗೆದು ಗಾಜಿಗೆ ತೆಳ್ಳಗೆ ಸವರಿ ಬೆಳಕು ಬಿಟ್ಟರೆ ಚೂರೇ ಚೂರು ಕರೆಂಟು ಹರಿಯುತ್ತದೆ. ಅರೆವಾಹಕ, ಸೆಮಿಕಂಡಕ್ಟರ್ ಅನ್ನುತ್ತಾರಲ್ಲ, ಅದು. ಕೆಟ್ಟುಹೋದ ಫೋನನ್ನು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುವ ಕಾಲ ಬರುತ್ತದೆಂದು ನಾನು ಹಗಲಲ್ಲೇ ಕನಸು ಕಾಣುತ್ತೇನೆ. ಆ ಕನಸಿನಲ್ಲಿ ಬಸ್ಸು ಇಳಿಯುವುದನ್ನೂ ಮರೆತಿದ್ದೇನೆ.

ರಜೆ ಮುಗಿದ ದಿನ

ರಜೆ ಮುಗಿಸಿ ಬಂದರೆ ಪ್ರಯೋಗಾಲಯದಲ್ಲಿ ನನ್ನ ಬೂಷ್ಟಿನ ತಟ್ಟೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಮೂರು ವರ್ಷ ಸಾಕಿದ ಕೆಂಪು ಬೂಷ್ಟು ಮೋರಿಗೆ ಹೋಗಿತ್ತು. ಅಟೆಂಡರ್ ಮೆಲ್ಲಗೆ ಹೇಳಿದ: "ಎಲ್ಲಾ ತೊಳ್ದು ಮಡಗಿವ್ನಿ ಮೇಡಂ. ನನ್ನೆಂಡ್ತಿ ಇಂಗೆ ಮಡಗಿದ್ರೆ ಬೈತಿದ್ದೆ, ನಿಮ್ಮನ್ನ ಬಯ್ಯಾಕಾಯ್ತದಾ?"

ದೀಪಾವಳಿಯೊಳಗೆ ಅದೇ ಬೂಷ್ಟು ಮತ್ತೆ ಸಿಗದಿದ್ದರೆ ವಿಷಯವನ್ನೇ ಬದಲಿಸಿ ಎಂದರು ನನ್ನ ಮಾರ್ಗದರ್ಶಕರು. ಮೊದಲು ಅದು ಸಿಕ್ಕಿದ್ದ ಮರ ರಸ್ತೆ ಅಗಲ ಮಾಡುವಾಗಲೇ ಹೋಗಿತ್ತು.

ಎರಡು ಕೋಟು

ಶಿರಾದಲ್ಲಿ ಮರ ಕೊಯ್ಯುವ ಸಾ ಮಿಲ್ಲಿಗೆ ಹೋಗಿ, ಕೆಂಪಗೆ ಕೊಳೆತ ಮರ ಇದೆಯೇ ಎಂದು ಕೇಳಿದೆ. ಮಾಲೀಕರಾದ ಸಾಹೇಬರ ಮುಖ ಸಣ್ಣದಾಯಿತು. ಆದರೂ ಚಹಾ ತರಿಸಿದರು. "ಫಿಕರ್ ಮಾಡ್ಬೇಡಿ ಮೇಡಂ, ನಾಳೆ ಬನ್ನಿ" ಎಂದರು. ಮರುದಿನ ತೇಗದ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಬಿಚ್ಚಿದೆ. ಕೆಂಪಗಿತ್ತು.

"ಕೊಳೆತಿದ್ದು ನಮ್ಮಲ್ಲಿ ಬರಲ್ಲ. ಕೆಂಪು ಬೇಕು ಅಂದ್ರಲ್ಲ, ಎರಡು ಕೋಟ್ ಪೇಂಟ್ ಹೊಡ್ಸಿದ್ದೀನಿ. ಇಪ್ಪತ್ತು ವರ್ಷ ಬೂಷ್ಟು ಹತ್ರಾನೂ ಸುಳಿಯಲ್ಲ, ಗ್ಯಾರಂಟಿ."

ಸೋಲಾರ್ ನೆರಳಲ್ಲಿ

ಪಾವಗಡದ ಕಡೆ ಸೋಲಾರ್ ಹಲಗೆಗಳ ನೆರಳಲ್ಲಿ ಕುರಿ ಕಾಯುತ್ತಿದ್ದವನ ಪಕ್ಕ ಕೂತೆ. ಗಾಳಿ ತಂಪಾಗಿತ್ತು. ನನ್ನ ಕನಸುಗಣ್ಣಿಗೆ ಆ ಹಲಗೆಗಳೆಲ್ಲ ಕೆಂಪಾಗಿ, ಮಣ್ಣಲ್ಲಿ ಹುಟ್ಟಿ ಮಣ್ಣಿಗೇ ಮರಳುವಂತೆ ಕಂಡು, ಬೂಷ್ಟಿನಿಂದ ಕರೆಂಟು ತೆಗೆಯುವ ನನ್ನ ಕನಸನ್ನೆಲ್ಲ ಅವನಿಗೆ ಹೇಳಿಬಿಟ್ಟೆ. ಕುರಿಗಳೂ ಕೇಳಿದವು.

ಅವನು ಆ ಕಡೆಯ ತೆಲುಗು ಬೆರೆಸಿ, "ಚೂಡಮ್ಮಾ, ನೋಡಿ, ಇವ್ರು ಇದ್ರ ಮ್ಯಾಲೆ ಧೂಳು ಕುಂತ್ರೂ ನೀರಾಕಿ ತೊಳೀತಾರೆ. ನೀವು ಬೂಷ್ಟೇ ಬೆಳೆಸ್ಬೇಕು ಅಂತೀರಿ. ಮೊದ್ಲು ಇಬ್ರೂ ಕುಂತು ಒಂದ್ ಮಾತಿಗೆ ಬರ್ರಿ" ಎಂದ.

ಅಜ್ಜಿಯ ಹಿತ್ತಲು

ದೀಪಾವಳಿಗೆ ನಾಲ್ಕೇ ದಿನ. ನನ್ನ ವಿದ್ಯಾರ್ಥಿನಿಯೊಬ್ಬಳು, "ನಮ್ಮಜ್ಜಿ ಮನೆ ಸೌದೇಲಿ ಕೆಂಪು ಬೂಷ್ಟು ಐತೆ ಮೇಡಂ" ಎಂದಳು. ಕೊರಟಗೆರೆ ಕಡೆಯ ಹಳ್ಳಿ. ನಾನು ಸೌದೆ ನೋಡಲು ಬರುತ್ತೇನೆಂದು ಅಜ್ಜಿಗೆ ಫೋನು ಮಾಡಿ ತಿಳಿಸಿದ್ದಳು. ಹೋಗಿ ನೋಡಿದರೆ ಅಜ್ಜಿ ಇಡೀ ಸೌದೆ ರಾಶಿಯನ್ನು ಸೀಗೆಪುಡಿ ಹಾಕಿ ತೊಳೆದು, ಒಣಗಿಸಿ, ಒಪ್ಪವಾಗಿ ಜೋಡಿಸಿದ್ದರು. "ಮೇಷ್ಟ್ರಮ್ಮ ನೋಡಾಕ್ ಬತ್ತಾರೆ ಅಂದ್ರೆ ಗಲೀಜು ಮಡಗಾಕಾಯ್ತದಾ?"

ನನಗೆ ಅಳುವೇ ಬಂತು. ಜಗಲಿಯ ಮೇಲೆ ಕೂತು, ನನಗೆ ಬೇಕಿದ್ದುದೇ ಆ ಕೆಂಪು ಬೂಷ್ಟು, ಮೂರು ವರ್ಷದ ಕೆಲಸ ನೀರಲ್ಲಿ ಹೋಮವಾಯಿತು ಅಜ್ಜಿ ಎಂದು ಅತ್ತೆ. ಅಜ್ಜಿ ಬೀದಿಯ ಎರಡೂ ಕಡೆ ನೋಡಿ, ಬಾಗಿಲು ಹಾಕಿ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದರು. ಬಚ್ಚಲ ಪಕ್ಕ ಏನನ್ನೋ ಹಳೇ ಸೀರೆಯಿಂದ ಮುಚ್ಚಿದ್ದರು. "ನಿನ್ ಕಣ್ಣಿಗೆ ಬೀಳಬಾರ್ದು ಅಂತ ಮುಚ್ಚಿದ್ದೆ ಕಣವ್ವ. ನೋಡಿ ನಗಬ್ಯಾಡ."

ಸೀರೆ ಸರಿಸಿದೆ. ಹಳೆಯ ಸ್ನಾನದ ಹಲಗೆ. ಅದರ ತುಂಬ ಕುಂಕುಮ ಚೆಲ್ಲಿದಂತೆ ನನ್ನ ಬೂಷ್ಟು. ಅಷ್ಟು ಚೆಂದದ ಕೊಳೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಲಗೆಯನ್ನು ಮಗುವಿನಂತೆ ಎತ್ತಿಕೊಂಡೆ.

"ತಕ್ಕೊಂಡೋಗವ್ವ," ಎಂದರು ಅಜ್ಜಿ. "ಆದ್ರೆ ನಮ್ಮನೇದು ಅಂತ ಬರೀಬ್ಯಾಡ. ಬಚ್ಚಲು ತೊಳೀದೋರು ಅಂತ ಗೊತ್ತಾದ್ರೆ ಮೊಮ್ಮಗಳಿಗೆ ಗಂಡು ಸಿಕ್ಕಾಕಿಲ್ಲ."

"ಎಲ್ಲಿ ಸಿಕ್ಕಿತು ಅಂತ ಬರೆಯಲೇಬೇಕು ಅಜ್ಜಿ, ಇಲ್ಲದಿದ್ದರೆ ಯಾರೂ ಒಪ್ಪಲ್ಲ."

ಅಜ್ಜಿ ಹಳೇ ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.

"ಬರೀಲೇಬೇಕಾ? ಅಂಗಾರೆ ನಮ್ ಬೀಗರ ಮನೇಲಿ ಸಿಕ್ತು ಅಂತ ಬರಕೋ."