ಮಲ್ಲೇಶ ತುಂಡು ಕೂಡಿಸಿದ ದಿನ

ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವುದು ಲೋಕದ ರೂಢಿ. ನಾರಾಯಣಪೇಟೆಯ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಮಲ್ಲೇಶನಿಗೆ ಪುಕ್ಕಟೆ ಸಿಕ್ಕದ್ದು ಸಂಘದ ಇಂಟರ್ನೆಟ್ಟು. ದಿನಾ ಬೆಳಿಗ್ಗೆ ಬಂದವನೇ ಒಂದು ಸಿನಿಮಾ ಡೌನ್‌ಲೋಡಿಗೆ ಹಚ್ಚುತ್ತಿದ್ದ. ಆದರೆ ಆ ವೈರಿನಲ್ಲಿ ಸಿನಿಮಾ ಬರುವುದು ಬೇಸಿಗೆಯಲ್ಲಿ ನಳದ ನೀರು ಬಂದ ಹಾಗೆ. ಕೊಡ ಅರ್ಧ ತುಂಬುವಷ್ಟರಲ್ಲಿ ನಿಂತುಬಿಡುತ್ತಿತ್ತು. ಹೀಗೆ ಅರ್ಧಕ್ಕೆ ನಿಂತ ಸಿನಿಮಾಗಳನ್ನು ನುಂಗಿ ನುಂಗಿ ಕಂಪ್ಯೂಟರಿಗೆ ಅಜೀರ್ಣವಾಗಿತ್ತು. ಒಂದು ಸೀರೆಯ ಬಿಲ್ಲು ತೆಗೆಯಬೇಕಾದರೂ ಪಾಪ, ಏದುಸಿರು ಬಿಡುತ್ತಿತ್ತು.

ಆಗ ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಸಂಘದ ಬೋರ್ಡಿನ ಮೇಲೆ ಹೊಸ ರಾಜ್ಯದ ಹೆಸರು ಬರೆದ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ದಿನಗೂಲಿಯ ಮಲ್ಲೇಶನನ್ನು ಖಾಯಂ ಮಾಡುವುದೋ ಬಿಡುವುದೋ ಎಂದು ಅಂದು ಸಂಜೆ ಸಮಿತಿ ಸೇರಿ ತೀರ್ಮಾನಿಸುವುದಿತ್ತು. ಖಾಯಂ ಆದರೆ ಮಕ್ತಲದ ಪ್ರಶಾಂತಿಯ ಮನೆಯವರು ಹೆಣ್ಣು ಕೊಡುತ್ತಾರೆ, ಆಗದಿದ್ದರೆ ಐಜ ಎಂಬ ಊರಿನ ವರನಿಗೆ ಕೊಡುತ್ತಾರೆ. ಅಧ್ಯಕ್ಷ ಶಿವಶಂಕರಪ್ಪನವರ ಮಾತು ಮೀರುವ ಗಂಡಸು ಸಮಿತಿಯಲ್ಲಿ ಹುಟ್ಟಿರಲಿಲ್ಲ. ಅಂಥ ಶಿವಶಂಕರಪ್ಪನವರು ಅಂದು ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು.

"ಗದ್ವಾಲದಾಗ ಕಂಪ್ಯೂಟರ್ ಅಂಗಡಿ ಇಟ್ಟಾನಲ್ಲ ಭಾನುಪ್ರಕಾಶ, ಅವಗ ಫೋನ್ ಮಾಡಿದ್ದೆ. ಡಿಸ್ಕಿನ್ಯಾಗ ಎಲ್ಲಾ ತುಂಡು ತುಂಡಾಗಿ ಬಿದ್ದಿರತೈತಂತ. ಡಿಫ್ರಾಗ್ ಅಂತ ಒಂದು ಐತಂತ, ಹಚ್ಚಿದ್ರ ತುಂಡೆಲ್ಲಾ ಕೂಡತಾವಂತ. ಹೌದೇನೋ?"

"ಹೌದ್ರಿ ಸಾವುಕಾರ್ರ."

"ಅಂದ್ರ ಅರ್ಧ ಇದ್ದದ್ದು ಪೂರಾ ಆಗತೈತಿ?"

ಮಲ್ಲೇಶನ ಕೈ ಬೀಗದ ಮೇಲೇ ನಿಂತಿತು. ಮಕ್ತಲದ ಕಂಪ್ಯೂಟರ್ ತರಗತಿಯಲ್ಲಿ ಈ ಪಾಠ ನಡೆದ ದಿನ ಅವನು ಟಾಕೀಸಿನಲ್ಲಿದ್ದ. ಆದರೂ ನೇಕಾರರ ಮನೆಯಲ್ಲಿ ಹುಟ್ಟಿದವನು. ಹರಿದ ಎಳೆಗೆ ಎಳೆ ಹೊಸೆದರೆ ಸೀರೆ ಪೂರ್ತಿಯಾಗುವುದನ್ನೇ ನೋಡಿ ಬೆಳೆದವನು. ತುಂಡು ಕೂಡಿದ ಮೇಲೆ ಪೂರ್ತಿಯಾಗದೆ ಏನಾದೀತು? ಅರ್ಧ ಸಿನಿಮಾಗಳೆಲ್ಲ ಪೂರ್ತಿ ಸಿನಿಮಾಗಳಾಗಿ ಅಧ್ಯಕ್ಷರ ಕಣ್ಣೆದುರು ಸಾಲುಗಟ್ಟಿ ನಿಲ್ಲುತ್ತವೆ. ಇವರಿಗೆ ಯಾರೋ ಚಾಡಿ ಹೇಳಿದ್ದಾರೆ, ಅದಕ್ಕೇ ಹೊಂಚು ಹಾಕಿ ಬಂದಿದ್ದಾರೆ ಎಂದು ಅವನಿಗೆ ಖಾತ್ರಿಯಾಯಿತು.

"ಆಗತೈತಿ ಅನಸತೈತ್ರಿ," ಎಂದ ಬೀಗ ತೆಗೆಯುತ್ತ.

"ಹಂಗಾದ್ರ ಹಚ್ಚು. ಮುಗಿಯೋತನ ನಾ ಇಲ್ಲೇ ಕೂಡತೀನಿ," ಎಂದು ಅಧ್ಯಕ್ಷರು ಕುರ್ಚಿ ಎಳೆದುಕೊಂಡರು.

ಪರದೆಯ ಮೇಲೆ ನೀಲಿ, ಬಿಳಿ, ಕೆಂಪು ಗೆರೆಗಳು ಒತ್ತೊತ್ತಾಗಿ ಮೂಡಿದವು. ನೀಲಿ ಎಂದರೆ ಕೂಡಿದ್ದು, ಕೆಂಪು ಎಂದರೆ ತುಂಡಾದದ್ದು. ಕೆಂಪೇ ಹೆಚ್ಚಿತ್ತು. ಒಂದೊಂದು ಕೆಂಪು ಗೆರೆ ನೀಲಿಯಾದಾಗಲೂ ಅಲ್ಲೊಬ್ಬ ಹೀರೋ ಎದ್ದು ನಿಂತ ಹಾಗೆ ಮಲ್ಲೇಶನಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ನೂಲು ಒಯ್ಯಲು ಚನ್ನವೀರಮ್ಮ ಬಂದಳು. ಆಕೆ ಹಳೇ ನೇಕಾರ್ತಿ, ಸಮಿತಿಯ ಸದಸ್ಯೆ. ಕಂಡವರ ಕೆಲಸದಲ್ಲೆಲ್ಲ ಕೈ ಹಾಕದಿದ್ದರೆ ಆಕೆಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಪರದೆ ನೋಡಿದವಳೇ, "ಇದು ಹಾಸು ಅಲ್ಲೇನೋ ತಮ್ಮಾ? ಕೆಂಪೆಳಿ ಎಲ್ಲಾ ಹರದಾವ," ಎಂದಳು.

"ಹರದದ್ದನ್ನ ಕೂಡಸಾಕ ಹತ್ಯಾನ ಚನ್ನವೀರಮ್ಮ," ಎಂದರು ಅಧ್ಯಕ್ಷರು.

ಮುದುಕಿ ಅಲ್ಲೇ ನೆಲಕ್ಕೆ ಕೂತಳು. ಅವರ ಓಣಿಯಲ್ಲಿ ಸೀರೆಯ ಉದ್ದೆಳೆಗಳ ಹಾಸು ಹರಡಿ ಗಂಜಿ ಹಚ್ಚಿದರೆ ಅದು ಮುಗಿಯುವವರೆಗೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಎದ್ದರೆ ಗಂಜಿ ಒಣಗಿ ಎಳೆ ಗಂಟಾಗುತ್ತದೆ. ಆ ಕಾಯಿದೆಯನ್ನು ಆಕೆ ಕಂಪ್ಯೂಟರಿಗೂ ಜಾರಿ ಮಾಡಿದಳು. ಚಹಾ ಕುಡಿಯಲು ಎದ್ದ ಗುಮಾಸ್ತ ನರಸಯ್ಯನನ್ನು ಅಂಗಿ ಹಿಡಿದು ಕೂರಿಸಿದಳು.

ಮಧ್ಯಾಹ್ನವಾಯಿತು. "ಸಾವುಕಾರ್ರ, ನೀವು ಉಂಡು ಬರ್ರಿ. ನಾ ನೋಡಕೋತೀನಿ," ಎಂದು ಮಲ್ಲೇಶ ಮೆಲ್ಲಗೆ ಸೂಚಿಸಿದ.

"ಹಾಸು ಬಿಟ್ಟು ಯಾರರ ಉಣ್ಣಾಕ ಹೋಗತಾರೇನು?" ಎಂದು ಚನ್ನವೀರಮ್ಮ ಗದರಿದಳು. ಅಧ್ಯಕ್ಷರು ಪರದೆಯಿಂದ ಕಣ್ಣು ಕೀಳಲಿಲ್ಲ. ಅವರ ಹಣೆಯ ಮೇಲೂ ಬೆವರಿತ್ತು. ತನ್ನನ್ನು ಹಿಡಿಯಲು ಇಷ್ಟು ಕಷ್ಟಪಡುವ ಮನುಷ್ಯನನ್ನು ಕಂಡು ಮಲ್ಲೇಶ ತನ್ನ ಕುರ್ಚಿಯನ್ನು ಒಂದು ಗೇಣು ದೂರ ಸರಿಸಿದ.

ಕೆಂಪು ಅರ್ಧ ಕರಗಿತ್ತೋ ಇಲ್ಲವೋ, ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ ಕೀಂವ್ ಕೀಂವ್ ಎಂದು ಅಳತೊಡಗಿತು.

"ಎಷ್ಟೊತ್ತು ತಡೀತೈತಿ ಅದು?" ಅಧ್ಯಕ್ಷರು ಎದ್ದು ನಿಂತರು.

"ಭಾಳ ಹೊತ್ತು ಇಲ್ರಿ. ನಡುವ ಬಂದಾದ್ರ ಡಿಸ್ಕೇ ಹೋದೀತು."

ನರಸಯ್ಯ ಲೈನ್‌ಮನ್ನಿಗೆ ಫೋನ್ ಹಚ್ಚಿ, "ಕರೆಂಟ್ ಎಪ್ಪುಡೊಸ್ತದಿ?" ಎಂದು ತೆಲುಗಿನಲ್ಲಿ ಕರೆಂಟು ಬರುವ ಹೊತ್ತು ಕೇಳಿ ಅಂಗಲಾಚುತ್ತ ಹೊರಗೋಡಿದ. ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿ, ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು, ಪಕ್ಕದ ಬಂಗಾರದಂಗಡಿಯ ಇನ್ವರ್ಟರಿಗೆ ಜೋಡಿಸಲು ತಾವೇ ಓಡಿದರು.

ಉಳಿದವಳು ಓದು ಬಾರದ ಚನ್ನವೀರಮ್ಮ ಒಬ್ಬಳೇ. ಮಲ್ಲೇಶ ಕೂಡಿಸುವುದನ್ನು ನಿಲ್ಲಿಸಿದ. ಅರ್ಧಕ್ಕೆ ನಿಂತ ಫೈಲುಗಳನ್ನೆಲ್ಲ ಹುಡುಕಿ ಒಟ್ಟಿಗೆ ಹಿಡಿದ. ಹೆಸರು ಓದುತ್ತ ಕೂರಲು ಪುರುಸೊತ್ತೆಲ್ಲಿತ್ತು? ಒಂದೇ ಏಟಿಗೆ, ರೀಸೈಕಲ್ ಬಿನ್ ಎಂಬ ತಿಪ್ಪೆಗೂ ಹೋಗದ ಹಾಗೆ ಅಳಿಸಿಬಿಟ್ಟ. ಮತ್ತೆ ಚಾಲೂ ಮಾಡಿದಾಗ ಕೆಂಪು ಹೆಚ್ಚುಕಡಿಮೆ ಮಾಯವಾಗಿತ್ತು. ಅಷ್ಟರಲ್ಲಿ ಕಿಟಕಿಯೊಳಗಿಂದ ವೈರು ಬಂತು, ಯುಪಿಎಸ್ಸಿನ ಅಳು ನಿಂತಿತು. ಅಧ್ಯಕ್ಷರು ಏದುತ್ತ ಬಂದು ಕೂರುವ ಹೊತ್ತಿಗೆ ಕೆಲಸ ಮುಗಿದಿತ್ತು.

ಅಧ್ಯಕ್ಷರು ಚನ್ನವೀರಮ್ಮನನ್ನೂ ನರಸಯ್ಯನನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಆಮೇಲೆ ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡು, "ಯಾರ ಮುಂದೂ ಹೇಳಬ್ಯಾಡ," ಎಂದರು. "ಹುಡುಗ ಇದ್ದಾಗ ಗಟ್ಟು ಅನ್ನೋ ಊರಾಗ ನಾಟಕ ಆಡಿದ್ದೆ. ದ್ರೌಪದಿ ಪಾರ್ಟು. ರಾಯಚೂರಿನವ ಒಬ್ಬ ಅದರ ವಿಡಿಯೋ ಇಂಟರ್ನೆಟ್ಟಿಗೆ ಹಾಕಿದ್ದ. ನನ್ನ ಮಗಳು ಶಿವರಂಜನಿ ಫೋನಿನ್ಯಾಗ ಹೇಳಿಕೊಟ್ಟಳು. ನೀ ಉಣ್ಣಾಕ ಹೋದಾಗೆಲ್ಲ ಇಳಿಸಿಕೊಂಡೆ. ದುಶ್ಯಾಸನ ಸೀರಿ ಎಳಿಯೋತನ ಬಂದು ನಿಂತುಬಿಟ್ಟೈತಿ. ಹಾಕಿದವನೂ ತೆಗದುಬಿಟ್ಟಾನ. ಜಗತ್ತಿನ್ಯಾಗ ಉಳದದ್ದು ಇದೊಂದ. ಈಗ ಪೂರಾ ಆಗಿರತೈತಿ, ತೆಗಿ. ಕೃಷ್ಣ ಬರೋದು ನೋಡೂಣು."

ಕೃಷ್ಣನ ಮಾತಿರಲಿ, ಮಲ್ಲೇಶ ದ್ರೌಪದಿಯನ್ನೇ ಇಲ್ಲವಾಗಿಸಿದ್ದ. ಖಾಲಿ ಫೋಲ್ಡರನ್ನು ಮೇಲೆ ಕೆಳಗೆ ಮಾಡಿ, "ಕರೆಂಟು ಹೋತಲ್ರಿ, ಆವಾಗ ಹೋಗಿರಬೇಕ್ರಿ," ಎಂದ.

ಅಧ್ಯಕ್ಷರ ಕಣ್ಣು ತುಂಬಿ ಬಂತು. ಕೊನೆಗೆ ನಿಟ್ಟುಸಿರು ಬಿಟ್ಟು, "ಕರೆಂಟಿಗೆ ನೀ ಏನು ಮಾಡತಿ? ಇಡೀ ದಿನ ಏಳದ ದುಡದಿ. ಖಾಯಂ ಮಾಡಸತೀನಿ, ಚಿಂತಿ ಬಿಡು," ಎಂದು ಬೆನ್ನು ತಟ್ಟಿದರು. ಮಲ್ಲೇಶನಿಗೆ ಹೋದ ಜೀವ ಬಂದಿತು. ಮನಸ್ಸಿನಲ್ಲಿ ಪ್ರಶಾಂತಿಗೆ ತಾಳಿಯನ್ನೂ ಕಟ್ಟಿದ.

ಸಂಜೆ ಸಮಿತಿ ಸೇರಿತು. ಅಧ್ಯಕ್ಷರು ಮಲ್ಲೇಶನ ವಿಷಯವೆತ್ತಲು ಬಾಯಿ ತೆರೆಯುವಷ್ಟರಲ್ಲಿ ಚನ್ನವೀರಮ್ಮ ಎದ್ದು ನಿಂತಳು.

"ನಂದೊಂದು ಮಾತು. ಇಂಥ ಹುಡುಗ ಹುಡುಕಿದ್ರೂ ಸಿಗಾಂಗಿಲ್ಲ. ಮುಂಜಾನಿಂದ ಮಷೀನು ಕೂಡಿಸಿ ಕೂಡಿಸಿ ಅರ್ಧ ಕೆಂಪು ಹಂಗ ಇತ್ತು. ಅಧ್ಯಕ್ಷರು ವೈರು ತರಾಕ ಹೋದ್ರು ನೋಡ್ರಿ, ಇವ ಅದನ್ನ ನಿಲ್ಲಿಸಿ, ತಾನ ಏನೋ ಒತ್ತಿದ. ಒಂದ ಏಟಿಗೆ ಕೆಂಪೆಲ್ಲಾ ಬಯಲು. ನನ್ನ ಕಣ್ಣಾರೆ ಕಂಡೀನಿ."

ಸಭೆ ಭೇಷ್ ಎಂದಿತು. ಶಿವಶಂಕರಪ್ಪನವರು ಮಾತ್ರ ಮಲ್ಲೇಶನನ್ನೇ ನೋಡಿದರು. ಮಲ್ಲೇಶ ನೆಲ ನೋಡಿದ.

"ಒಂದ ಏಟಿಗೆ?" ಎಂದು ಅಧ್ಯಕ್ಷರು ತಣ್ಣಗೆ ಕೇಳಿದರು.

"ಒಂದ ಏಟಿಗೆ ರೀ," ಎಂದಳು ಚನ್ನವೀರಮ್ಮ ಹೆಮ್ಮೆಯಿಂದ.

"ಅಷ್ಟು ಚೊಕ್ಕ ಮಾಡ್ಯಾನ ಅಂದಮ್ಯಾಲ ಮಷೀನು ಸುದ್ದ ಆತು. ಇನ್ನ ಖಾಯಂ ಮನಿಷ್ಯಾ ಯಾಕ ಬೇಕು ನಮಗ? ದಿನಗೂಲಿ ಮ್ಯಾಲೇ ಇರಲಿ," ಎಂದರು ಅಧ್ಯಕ್ಷರು. ಎಲ್ಲರೂ ತಲೆಯಾಡಿಸಿದರು. ಮಲ್ಲೇಶ ಏಕೆಂದು ಕೇಳುವಂತಿರಲಿಲ್ಲ, ಅವರು ಹೇಳುವಂತೆಯೂ ಇರಲಿಲ್ಲ.

ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದವನ ಪಕ್ಕ ಚನ್ನವೀರಮ್ಮ ಬಂದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಂದ ತಪ್ಪು ತಮ್ಮಾ," ಎಂದಳು. "ಇನ್ನಷ್ಟು ಹೊಗಳಬೇಕಿತ್ತು."