ಉದ್ದುವಿನ ಕೆಲಸ, ಗವಿರಂಗನ ಕಮಾನು

"ಭಾವ, ಈ ಕಮಾನಿನೊಳಗೆ ಸುಳ್ಳು ಅನ್ನೋದು ನುಸುಳಂಗಿಲ್ಲ!"

ನನ್ನ ಭಾವಮೈದ ಗವಿರಂಗ ಎದೆಯ ಮೇಲೆ ಕೈಯಿಟ್ಟುಕೊಂಡು ಹೀಗೆ ಹೇಳಿದಾಗ ಪಾಲಾಕ್ಷಪ್ಪನವರ ದಿನಸಿ ಅಂಗಡಿಯ ಮುಂದೆ ಅರ್ಧ ಊರು ನೆರೆದಿತ್ತು.

ಕಮಾನು ನೋಡಲಿಕ್ಕೆ ದೊಡ್ಡದೇನಲ್ಲ. ಚಪ್ಪರ ಹಾಕುವ ಕಬ್ಬಿಣದ ಪೈಪುಗಳನ್ನು ಬಗ್ಗಿಸಿ, ಮೈತುಂಬ ತಾಮ್ರದ ತಂತಿ ಸುತ್ತಿ, ನೆತ್ತಿಯ ಮೇಲೆ ಒಂದು ಹಸಿರು ಬಲ್ಬು, ಒಂದು ಕೆಂಪು ಬಲ್ಬು, ಎರಡರ ನಡುವೆ ತನ್ನ ಮೈಕ್ ಸೆಟ್ಟಿನ ಹಳೆಯ ಹಾರ್ನು ಕಟ್ಟಿದ್ದ. ಅಲ್ಲಿಂದ ಗಾಜಿನ ಬಾಗಿಲಿನ ಬೀಗಕ್ಕೆ ಒಂದು ತಂತಿ ಎಳೆದಿದ್ದ. ಕಮಾನಿನ ಕೆಳಗೆ ನಿಂತ ಪ್ರಾಣಿಯ ತಲೆಯೊಳಗೆ ಹರಿದಾಡುವ ಸಣ್ಣ ವಿದ್ಯುತ್ತನ್ನು ಯಂತ್ರ ಓದುತ್ತದೆ. ಪ್ರಾಣಿ ನಿಜವಾಗಿ ಯಾರದೋ ಕೆಲಸದಲ್ಲಿದ್ದರೆ ಹಸಿರು, ಬಾಗಿಲು ತೆರೆದುಕೊಳ್ಳುತ್ತದೆ. ಸುಮ್ಮನೆ ಸವಾರಿ ಬಂದಿದ್ದರೆ ಕೆಂಪು, ಬಾಗಿಲು ಬಿಗಿಯಾಗುತ್ತದೆ. ನಾಯಿ ಬಂದಾಗ ಮಾತ್ರ ಒಳಗಿನ ಗುಂಡಿ ಒತ್ತಿದರೆ ಸಾಕು, ಮಿಕ್ಕ ಹೊತ್ತು ಬಾಗಿಲು ಎಂದಿನಂತೆ.

ಈ ಯಂತ್ರ ಬೇಕಾಗಿ ಬಂದದ್ದು ನನ್ನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಟೈಲರ್.

ಓಬಕ್ಕ ಪಾಲಾಕ್ಷಪ್ಪನವರ ಅಪ್ಪನ ಕಾಲದಿಂದಲೂ ಆ ಅಂಗಡಿಯಲ್ಲಿ ಕಾಳು ಹಸನು ಮಾಡುವವಳು. ಮೊರ ಹಿಡಿದು ಕೂತರೆ ಮಾತಿಲ್ಲ, ಕತೆಯಿಲ್ಲ. ಕೇರುತ್ತಾಳೆ, ಕೊಡವುತ್ತಾಳೆ, ಕಲ್ಲನ್ನು ಬೆರಳ ತುದಿಯಲ್ಲೇ ಗುರುತು ಹಿಡಿದು ಪಕ್ಕಕ್ಕೆ ಹಾಕುತ್ತಾಳೆ. ಅವಳಿಗೆ ಮೂರ್ಛೆ ರೋಗ. ನೋಡಿದರೆ ಗಟ್ಟಿಮುಟ್ಟು, ಯಾರೂ ನಂಬುವುದಿಲ್ಲ. ಉದ್ದಿನ ಕಾಳಿನಷ್ಟೇ ಕಪ್ಪಗೆ, ಮೊರದೊಳಗೆ ಮಲಗುವಷ್ಟು ಚಿಕ್ಕದೊಂದು ಬೀದಿನಾಯಿ ಅವಳಿಗೆ ಅಂಟಿಕೊಂಡಿತ್ತು. ಹೆಸರೂ ಉದ್ದು. ಮೂರ್ಛೆ ಬರುವ ಮೊದಲೇ ಅದಕ್ಕೆ ಹೇಗೋ ಗೊತ್ತಾಗುತ್ತಿತ್ತು. ಸೀರೆಯ ಅಂಚು ಕಚ್ಚಿ ಕೆಳಕ್ಕೆ ಎಳೆಯುತ್ತಿತ್ತು. ಓಬಕ್ಕ ಎಲ್ಲಿದ್ದಳೋ ಅಲ್ಲೇ ನೆಲದ ಮೇಲೆ ಮಲಗಿಬಿಡುತ್ತಿದ್ದಳು. ಬಿದ್ದು ಏಟು ಮಾಡಿಕೊಳ್ಳುವುದು ತಪ್ಪುತ್ತಿತ್ತು.

ಪಾಲಾಕ್ಷಪ್ಪನವರು ಗಾಜಿನ ಬಾಗಿಲಿನ ಹೊಸ ಅಂಗಡಿ ಮಾಡಿದಾಗ, "ಓಬಕ್ಕ, ನಾಯಿ ಇರ್ಲಿ. ಆದ್ರೆ ಗಿರಾಕಿಗಳು ಕೇಳ್ತಾರೆ, ಗುರುತಿಗೆ ಏನಾದ್ರೂ ಹಾಕು" ಎಂದರು. ನಾನು ಹಳದಿ ಬಟ್ಟೆಯ ಪುಟ್ಟ ಕೋಟು ಹೊಲಿದು, ಬೆನ್ನ ಮೇಲೆ ಕೆಂಪು ದಾರದಲ್ಲಿ 'ಕೆಲಸದ ನಾಯಿ' ಎಂದು ಬರೆದುಕೊಟ್ಟೆ. ಅದನ್ನು ಕಂಟ್ರಾಕ್ಟರ್ ಶಿವಮೂರ್ತಿಯ ಹೆಂಡತಿ ವಿಮಲಾಕ್ಷಿ ನೋಡಿದಳು.

"ನಮ್ಮ ರೂಬಿಗೂ ಒಂದು ಹೊಲೀರಿ. ನನಗೂ ಒಬ್ಬಳೇ ಅಂಗಡಿಗೆ ಹೋದ್ರೆ ಎದೆ ಢವಢವ ಅಂತೈತೆ!"

ರೂಬಿ ಎಂದರೆ ಹತ್ತಿಯ ಉಂಡೆಯಂಥ ಬಿಳಿ ನಾಯಿ. ಎದೆಗೂ ಅದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ, ಹೊಲಿದುಕೊಟ್ಟೆ. ಆಮೇಲೆ ಬಂದವರನ್ನೂ ಕೇಳಲಿಲ್ಲ. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ನಿದ್ದೆ ಬರದು, ಒಬ್ಬರಿಗೆ ನಾದಿನಿಯ ಕಾಟ! ಎಲ್ಲದಕ್ಕೂ ಔಷಧಿ ಪುಟ್ಟ ನಾಯಿ. ದೀಪಾವಳಿ ಹೊತ್ತಿಗೆ ಊರಿನಲ್ಲಿ ಹದಿನೇಳು ಕೆಲಸದ ನಾಯಿಗಳಿದ್ದವು. ಅವುಗಳಲ್ಲಿ ಒಂದು ಪಾಲಾಕ್ಷಪ್ಪನವರ ಬೆಲ್ಲದ ಅಚ್ಚುಗಳ ಮೇಲೆ ಕಾಲೆತ್ತಿತು.

ಅಂದೇ ಎಲ್ಲ ನಾಯಿಗಳೂ ಹೊರಗೆ. ಉದ್ದು ಕೂಡ.

ಅದಕ್ಕೇ ನಾನು ಗವಿರಂಗನ ಹತ್ತಿರ ಹೋಗಿದ್ದು. "ನಿಜವಾದ್ದು ಯಾವುದು, ಸುಳ್ಳು ಯಾವುದು ಅಂತ ತೋರಿಸೋ ಒಂದು ಯಂತ್ರ ಮಾಡಪ್ಪ. ಓಬಕ್ಕನ ಅನ್ನ ಹೋಗ್ತೈತೆ" ಎಂದೆ. ಅವನು ತಿಂಗಳಾನುಗಟ್ಟಲೆ ಕೂತು ಮಾಡಿದ. ಅದೇ ಈ ಕಮಾನು.

*

ಮೊದಲು ಬಂದದ್ದು ರೂಬಿ. ಶಿವಮೂರ್ತಿ ಅದನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದ. ಬಲಗೈಯಲ್ಲಿ ಅದರ ನೀರಿನ ಬಟ್ಟಲು, ಕಂಕುಳಲ್ಲಿ ಅದರ ಕೊಡೆ. ಪಾಲಾಕ್ಷಪ್ಪನವರು ಗುಂಡಿ ಒತ್ತಿದರು. ಹಸಿರು ದೀಪ ಹತ್ತಿತು!

"ಕೆಲಸದಲ್ಲಿರುವ ಪ್ರಾಣಿ ಪತ್ತೆಯಾಗಿದೆ" ಎಂದಿತು ಹಾರ್ನು. ದನಿ ಗವಿರಂಗನದೇ.

"ನೋಡಿದ್ರಾ? ನೋಡಿದ್ರಾ?" ವಿಮಲಾಕ್ಷಿ ಸುತ್ತ ತಿರುಗಿ ಎಲ್ಲರ ಮುಖ ನೋಡಿದಳು. "ನಾನು ಸುಳ್ಳು ಹೇಳ್ತೀನಿ ಅಂದ್ರಲ್ಲ, ಈಗ ಹೇಳ್ರಿ!"

ಹಾರ್ನು ಇನ್ನೂ ಮುಗಿಸಿರಲಿಲ್ಲ. "ಪ್ರಾಣಿಗೆ ಎರಡು ಕಾಲು. ಎತ್ತಿಕೊಂಡಿರುವುದನ್ನು ಒಳಗೆ ಬಿಡಿ. ಎತ್ತಿಸಿಕೊಂಡಿರುವುದನ್ನು ಹೊರಗೆ ಕಟ್ಟಿ."

ಜನ ಬಿದ್ದು ಬಿದ್ದು ನಕ್ಕರು. ಶಿವಮೂರ್ತಿ ಮಾತ್ರ ನಗಲಿಲ್ಲ. ಹಾರ್ನಿನ ಕಡೆ ಕತ್ತೆತ್ತಿ, "ಇನ್ನೊಂದ್ಸಲ ಹೇಳ್ತೈತಾ ಗವಿರಂಗಣ್ಣ?" ಎಂದು ಕೇಳಿದ.

"ರೀ! ನಡೀರಿ ಮನೆಗೆ!"

ಅಲ್ಲಿಂದ ಶುರುವಾಯಿತು. ನಾಯಿಯ ಸುದ್ದಿಯೇ ಮರೆತುಹೋಯಿತು. ಹೆಂಗಸರು ಗಂಡಂದಿರನ್ನು ಎಳೆದುಕೊಂಡು ಬಂದು ಕಮಾನಿನ ಕೆಳಗೆ ನಿಲ್ಲಿಸತೊಡಗಿದರು. ಹೆಂಡತಿಗೆ ಹಸಿರು, ಗಂಡನಿಗೆ ಕೆಂಪು. ಸೊಸೆಗೆ ಹಸಿರು, ಅತ್ತೆಗೆ ಕೆಂಪು. ಅತ್ತೆಯೊಬ್ಬಳು, "ನಾನೂ ಸೊಸೆ ಆಗಿದ್ದೋಳೇ ಕಣಪ್ಪ, ಆಗಿನದ್ನೂ ಸೇರಿಸಿ ಓದು ಅನ್ನು ನಿನ್ನ ಮಿಸನ್ನಿಗೆ" ಎಂದು ಗವಿರಂಗನ ಕೈ ಹಿಡಿದು ಜಗ್ಗಿದಳು. ನನ್ನ ಹೆಂಡತಿ ಹಾಯ್ದಾಗ ಯಾರೂ ಕೇಳದಿದ್ದರೂ ಹಾರ್ನು ಮೂರು ಸಲ ಕೂಗಿತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ಹಸಿರು ಬಲ್ಬು ನೋಡಿದೆ. ಅಂದು ಮಧ್ಯಾಹ್ನ ನಮ್ಮ ಬೀದಿಯ ಆರು ಮನೆಗಳಲ್ಲಿ ಒಲೆ ಹತ್ತಲಿಲ್ಲ.

"ಯಂತ್ರ ಭಾರಿ ಚುರುಕಾಗೈತೆ ಭಾವ" ಎಂದ ಗವಿರಂಗ.

*

ಓಬಕ್ಕ ಬಂದದ್ದು ಜನ ಅರ್ಧ ಕರಗಿದ ಮೇಲೆ. ಉದ್ದುವಿಗೆ ಸ್ನಾನ ಮಾಡಿಸಿ, ಕೋಟು ಒಗೆದು ಹಾಕಿದ್ದಳು. ತಾನೂ ತಲೆ ಬಾಚಿಕೊಂಡು, ಪರೀಕ್ಷೆಗೆ ಬಂದವಳಂತೆ ಮೆಟ್ಟು ಬಿಟ್ಟು ದೂರದಲ್ಲೇ ನಿಂತಳು.

"ಹೋಗವ್ವ, ನಿಂತ್ಕೋ" ಎಂದು ನಾಯಿಯನ್ನು ಮುಂದಕ್ಕೆ ಬಿಟ್ಟಳು.

ಉದ್ದು ಕಮಾನಿನ ಕೆಳಗೆ ನಿಂತಿತು. ತಿರುಗಿ ಅವಳನ್ನೇ ನೋಡುತ್ತಾ ಬಾಲ ಅಲ್ಲಾಡಿಸಿತು.

ಕೆಂಪು.

"ಈ ಪ್ರಾಣಿ ಕೆಲಸದಲ್ಲಿಲ್ಲ" ಎಂದಿತು ಹಾರ್ನು. "ಸಂತೋಷದಲ್ಲಿದೆ."

ಓಬಕ್ಕನಿಗೆ ತಕ್ಷಣ ಅರ್ಥವಾಗಲಿಲ್ಲ. "ಇನ್ನೊಂದ್ಕಿತ ನಿಲ್ಲಿಸ್ಲಾ? ಹೊಸಾ ಜಾಗ, ಹೆದ್ರಿರಬೇಕು" ಎಂದಳು. ಇನ್ನೊಂದು ಸಲವೂ ಕೆಂಪು. ಮೂರನೆಯ ಸಲವೂ ಕೆಂಪು.

"ಸಾವ್ಕಾರ್ರೇ, ನೀವು ಕಂಡಿಲ್ವಾ? ಹೋದ ಶ್ರಾವಣದಾಗೆ, ಅವರೆಕಾಳಿನ ಚೀಲದ ತಾವ..."

"ಕಂಡಿದೀನಿ ಓಬಕ್ಕ. ನಾನು ಕಂಡಿದ್ದು ಬೇರೆ, ಯಂತ್ರ ಹೇಳಿದ್ದು ಬೇರೆ. ನಿನ್ನ ನಾಯಿ ಬಿಟ್ಟರೆ ವಿಮಲಾಕ್ಷಮ್ಮ ನನ್ನ ಬಿಡ್ತಾರಾ? ಯಂತ್ರ ಎಲ್ಲರಿಗೂ ಒಂದೇ. ನೀನು ಬಾ, ಕೆಲಸ ಬಿದ್ದೈತೆ. ನಾಯಿ ಹೊರಗೆ ಕಟ್ಟು."

ಓಬಕ್ಕ ನನ್ನ ಕಡೆ ನೋಡಿದಳು. "ಮಲ್ಲೇಶಿ, ನೀನಾದ್ರೂ ಹೇಳಪ್ಪ."

ಹೇಳಬಹುದಿತ್ತು. ಹದಿನಾರು ಕೋಟು ಸುಳ್ಳು, ಒಂದು ನಿಜ, ಎಲ್ಲವನ್ನೂ ಹೊಲಿದವನು ನಾನು, ನನಗೆ ಗೊತ್ತು ಎನ್ನಬಹುದಿತ್ತು. ಆದರೆ ಕೋಟು ಹೊಲಿಸಿಕೊಂಡವರೇ ಸುತ್ತ ನಿಂತಿದ್ದರು. "ಇವತ್ತೊಂದಿನ ಕಟ್ಟು ಓಬಕ್ಕ. ಗವಿರಂಗ ಸರಿ ಮಾಡ್ತಾನೆ" ಎಂದೆ.

ಅವಳು ಉದ್ದುವನ್ನು ಲೈಟು ಕಂಬಕ್ಕೆ ಕಟ್ಟಿ ಒಳಗೆ ಹೋದಳು.

ಸ್ವಲ್ಪ ಹೊತ್ತು ಉದ್ದು ಸುಮ್ಮನೆ ಬಾಗಿಲು ನೋಡುತ್ತಾ ಕೂತಿತ್ತು. ಆಮೇಲೆ ಎದ್ದು ನಿಂತಿತು. ಹಗ್ಗ ಕಚ್ಚಿತು. ಕಂಬಕ್ಕೆ ಸುತ್ತು ಹೊಡೆಯಿತು, ಕೊರಳು ಬಿಗಿದರೂ ಬಿಡದೆ ಊಳಿಡತೊಡಗಿತು.

"ನೋಡ್ರಪ್ಪ, ಕೆಲಸ ಹೋಯ್ತು ಅಂತ ಮುಷ್ಕರ ಮಾಡ್ತೈತೆ!" ಎಂದು ಯಾರೋ ಅಂದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅದನ್ನು ಬರೆಯದೆ ಬಿಟ್ಟರೆ ಈ ಕತೆ ಹೇಳಿ ಪ್ರಯೋಜನವಿಲ್ಲ.

ಒಳಗೆ ದಡಾರನೆ ಸದ್ದಾಯಿತು. ಓಬಕ್ಕ ತೊಗರಿಯ ಮೊರ ಹಿಡಿದು ಏಳುವಾಗ ಹಾಗೆಯೇ ಮುಂದಕ್ಕೆ, ಕಬ್ಬಿಣದ ತಕ್ಕಡಿಯ ಮೇಲೆ ಬಿದ್ದಿದ್ದಳು. ಬಲಗೈಯ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಬೇಳೆ ಅಂಗಡಿಯ ತುಂಬ ಚೆಲ್ಲಿತ್ತು. ನಾವು ಅವಳನ್ನು ಎತ್ತಿ ಹೊರಗೆ ತಂದಾಗ ಉದ್ದುವಿನ ಬಾಯಲ್ಲಿ ಹಗ್ಗದ ನಾರು, ರಕ್ತ. ಅದು ಅವಳ ಸೀರೆಯ ಅಂಚು ಕಚ್ಚಿ ಕೆಳಕ್ಕೆ ಎಳೆಯಿತು. ಅವಳು ಆಗಲೇ ಮಲಗಿದ್ದಳು.

*

ರಾಡು ಹಾಕಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಓಬಕ್ಕ ಮನೆಯಲ್ಲಿದ್ದಳು. ಗವಿರಂಗ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ನನ್ನ ಹೆಂಡತಿಯೇ ತಮ್ಮನನ್ನು ಹಿಡಿದು ಕೇಳಿದಳು.

"ಕೆಲಸ ಅಂದ್ರೆ ಹಿಂಗಿರ್ತೈತೆ ಅಂತ ನಿನ್ನ ಯಂತ್ರಕ್ಕೆ ಯಾರನ್ನ ನೋಡಿ ಕಲಿಸ್ದೆ?"

"ನಿನ್ನನ್ನೇ ಅಕ್ಕ. ಹಬ್ಬದಾಗೆ ಮೂರು ದಿನ ನಿನ್ನ ತಲೆಗೆ ತಂತಿ ಟೋಪಿ ಹಾಕಿದ್ನಲ್ಲ, ಅಡಿಗೆ ಮಾಡ್ವಾಗ, ಪಾತ್ರೆ ತೊಳೆಯುವಾಗ. ನಿನಗಿಂತ ಹೆಚ್ಚು ಕೆಲಸ ಮಾಡೋರು ಯಾರವ್ರೆ?"

"ಆವಾಗ ನನ್ನ ತಲೇಲಿ ಏನಿತ್ತು ಅಂತ ಕೇಳಿದ್ಯಾ?"

"ಏನಿತ್ತಕ್ಕ?"

"ನಿಮ್ಮ ಮನೆ ಹಾಳಾಗ ಅಂತಿತ್ತು!"

ಯಂತ್ರ ಕಲಿತದ್ದು ಅದನ್ನೇ. ಬೇಸರವಿದ್ದರೆ ಕೆಲಸ, ಬೇಸರವಿಲ್ಲದಿದ್ದರೆ ಸವಾರಿ. ಪಾಪದ ಉದ್ದುವಿನ ತಲೆಯಲ್ಲಿ ಒಂದು ಹಿಡಿ ಬೇಸರವೂ ಇರಲಿಲ್ಲ.

ಅವನು ತಂತಿ ಟೋಪಿ ತೆಗೆದುಕೊಂಡು ಓಬಕ್ಕನ ಮನೆಗೆ ಹೋದ. "ಓಬಕ್ಕ, ಈ ಸಲ ಉದ್ದುವಿನ ತಲೆಯಿಂದ್ಲೇ ಅಳತೆ ತಗೋತೀನಿ."

"ತಗೋ" ಎಂದಳು ಅವಳು ಗೋಡೆ ಕಡೆ ಮುಖ ಮಾಡಿ. "ಅದ್ರ ತಲೇಲಿ ಏನೈತೆ ಅಂತ ನನಗೆ ಮಿಸನ್ನು ಬೇಕಾಗಿಲ್ಲ. ನಿಮಗೆ ಬೇಕಾದ್ರೆ ತಗೋ."

*

ಹೊಸ ಅಳತೆ ಕೂರಿಸಿ ಗವಿರಂಗ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಯಂತ್ರ ಚಾಲೂ ಮಾಡಿದ. ಸುದ್ದಿ ಕೇಳಿ ಕೋಟಿನ ನಾಯಿಗಳ ಸಮೇತ ಊರು ಮತ್ತೆ ನೆರೆದಿತ್ತು. ಒಳಗಿನ ಗುಂಡಿಯನ್ನು ಒತ್ತಿಯೇ ಇಟ್ಟು, ಹೊರಗೆ ಬಂದು ಬಾಗಿಲು ಎಳೆದು ಮುಚ್ಚಿದ. ಪಾಲಾಕ್ಷಪ್ಪನವರು ಕೈಮುಗಿದು ಕಮಾನಿನ ಕೆಳಗೆ ಹೆಜ್ಜೆಯಿಟ್ಟರು.

ಕೆಂಪು. "ಈ ಪ್ರಾಣಿ ಯಾರ ಕೆಲಸದಲ್ಲೂ ಇಲ್ಲ."

"ಲೇ ಗವಿರಂಗ, ಇದು ನನ್ನ ಅಂಗಡಿ ಕಣೋ!"

ಅಂಗಡಿಯ ಆಳುಗಳು ನಿಂತರು, ಕೆಂಪು. ಗವಿರಂಗ ನಿಂತ, ಕೆಂಪು. ನನ್ನ ಹೆಂಡತಿಗೂ ಈ ಸಲ ಕೆಂಪೇ. ಅವಳು "ಸರಿಯಾಗೇ ಹೇಳ್ತು ಬುಡು" ಎಂದು ತರಕಾರಿ ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಊರಿನಲ್ಲಿ ಒಬ್ಬ ಮನುಷ್ಯನಿಗೂ ಹಸಿರು ಹತ್ತಲಿಲ್ಲ. ಯಂತ್ರ ನಿಲ್ಲಿಸಬೇಕಾದರೂ ಅದೇ ಗುಂಡಿ ಒತ್ತಬೇಕು, ಅದು ಗಾಜಿನ ಆ ಕಡೆ ಮಿನುಗುತ್ತಿತ್ತು.

ಅಷ್ಟರಲ್ಲಿ ಶಿವಮೂರ್ತಿಯ ಕೈಯಿಂದ ರೂಬಿ ಕೆಳಕ್ಕೆ ಹಾರಿತು. ಕಮಾನಿನ ಕೆಳಗೆ ನಿಂತು ತಿರುಗಿ ಅವನನ್ನು ನೋಡಿತು. ಹಸಿರು! ಬಾಗಿಲು ತೆರೆಯಿತು, ರೂಬಿ ಒಳಗೆ ಹೋಯಿತು, ಹಿಂದೆಯೇ ನುಗ್ಗಲು ಹೋದ ಪಾಲಾಕ್ಷಪ್ಪನವರಿಗೆ ಕೆಂಪು ಹತ್ತಿ ಬಾಗಿಲು ಮುಚ್ಚಿತು. ಆಮೇಲೆ ಇನ್ನೊಂದು ನಾಯಿ. ಹಸಿರು! ಮತ್ತೊಂದು. ಹಸಿರು! ಹದಿನಾರಕ್ಕೆ ಹದಿನಾರೂ ಒಳಗೆ! ತಮ್ಮವರನ್ನು ಕಂಡಾಗ ಉದ್ದುವಿನ ತಲೆಯಲ್ಲಿದ್ದ ಸಂತೋಷವೇ ಇವುಗಳ ತಲೆಯಲ್ಲೂ ಇತ್ತು. ನಾಯಿಗಳು ಯಾವತ್ತೂ ಸುಳ್ಳು ಹೇಳಿರಲಿಲ್ಲ, ಕೋಟು ಹೇಳಿತ್ತು. ನಾಯಿಗಳನ್ನು ಹೊರಗಿಡಲು ಕಟ್ಟಿದ ಬಾಗಿಲ ಹೊರಗೆ ನಾವೆಲ್ಲ ಮೂಗು ಒತ್ತಿಕೊಂಡು ನಿಂತು, ಅವು ಬೆಣ್ಣೆ ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದಾಗಿ ಉರುಳಿಸುವುದನ್ನು ನೋಡಿದೆವು.

"ರೂಬಿ! ಬಾರೇ ಚಿನ್ನ!" ವಿಮಲಾಕ್ಷಿ ಗಾಜು ಬಡಿದಳು. ರೂಬಿ ತುಪ್ಪದ ಕಡೆ ಹೊರಟಿತು.

ಪಾಲಾಕ್ಷಪ್ಪನವರು ಬೆವರು ಒರೆಸಿಕೊಳ್ಳುತ್ತಾ ನನ್ನನ್ನೂ ಕರೆದುಕೊಂಡು ಓಬಕ್ಕನ ಮನೆಗೆ ಓಡಿದರು. ಹೊಸಿಲ ಹೊರಗೇ ನಿಂತು ಹೇಳಿದರು.

"ಓಬಕ್ಕ, ತಪ್ಪಾಯ್ತು. ಉದ್ದೂನ ಒಂದ್ಗಳಿಗೆ ಕಳಿಸು. ಅದು ಹೇಳಿದ ಮಾತು ಕೇಳ್ತೈತೆ. ಒಳಗೆ ಹೋಗಿ ಆ ಗುಂಡಿಗೆ ಕಾಲು ಕೊಟ್ಟರೆ ಸಾಕು. ಇನ್ಮೇಲೆ ಅದು ದಿನಾ ಬರ್ಲಿ, ಯಾರು ಬೇಡ ಅಂತಾರೆ ನೋಡ್ತೀನಿ!"

ಓಬಕ್ಕ ಉದ್ದುವಿನ ತಲೆ ಸವರಿದಳು, ಎಡಗೈಯಲ್ಲಿ.

"ನಾಯೀನ ಕರೀರಿ ಸಾವ್ಕಾರ್ರೇ. ಬಂದ್ರೆ ಕರ್ಕೊಂಡ್ ಹೋಗ್ರಿ."

ಪಾಲಾಕ್ಷಪ್ಪನವರು ಕರೆದರು. ನಾನೂ ಕರೆದೆ. ಉದ್ದು ಕದಲಲಿಲ್ಲ.

"ಅದು ನನ್ನ ಬುಟ್ಟು ಬರಾಕಿಲ್ಲ" ಎಂದಳು ಓಬಕ್ಕ. "ನನ್ನ ನಿಮ್ಮ ಮಿಸನ್ನು ಬುಡಾಕಿಲ್ಲ. ಬುಟ್ಟರೂ ಈ ಕೈಯಿ ಮೊರ ಹಿಡಿಯಾಕಿಲ್ಲ. ಹೋಗ್ಬನ್ನಿ."

ಮಧ್ಯಾಹ್ನ ಸುತ್ತಿಗೆ ತಂದು ಗಾಜು ಒಡೆದರು. ಹೊಸ ಗಾಜು ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಬಾಗಿಲೇ ಇಲ್ಲದ ಅಂಗಡಿಗೆ ಊರಿನ ನಾಯಿಗಳೆಲ್ಲ ಬಂದುಹೋದವು. ನಿನಗೇನು ಕೆಲಸ ಎಂದು ಯಾವುದನ್ನೂ ಯಾರೂ ಕೇಳಲಿಲ್ಲ.